ನಾಯಿಮರಿಯ ಬಾಯಿ

ನಾಯಿಮರಿಯೊಂದು ಮನೆಗೆ ಬಂದ ಮೊದಲ ದಿನ ಎಲ್ಲರಿಗೂ ಹಬ್ಬ. ಎರಡನೆಯ ದಿನ ಅದಕ್ಕೆ ಯಾವ ಹೆಸರಿಡಬೇಕೆಂಬ ಚರ್ಚೆ. ಮೂರನೆಯ ದಿನದಿಂದ ಮನೆಯ ವಸ್ತುಗಳು ಒಂದೊಂದಾಗಿ ಕಾಣೆಯಾಗತೊಡಗುತ್ತವೆ. ಬಾಗಿಲ ಬಳಿ ಬಿಟ್ಟ ಚಪ್ಪಲಿಗಳಲ್ಲಿ ಒಂದಕ್ಕೆ ಬಾರು ಇರುವುದಿಲ್ಲ. ಪೊರಕೆಯ ಕಡ್ಡಿಗಳು ನಡುಮನೆಯ ತುಂಬ ಹರಡಿರುತ್ತವೆ. ಹುಡುಗನ ರಬ್ಬರು, ಅಜ್ಜಿಯ ಹೂಬತ್ತಿ, ಬಚ್ಚಲಿನ ಸಾಬೂನು, ಇವುಗಳಲ್ಲಿ ಯಾವುದು ಯಾವಾಗ ಮಾಯವಾದೀತೆಂದು ಹೇಳುವಂತಿಲ್ಲ. “ಇದು ನಾಯಿಯೋ ಹೆಗ್ಗಣವೋ?” ಎಂದು ಹಿರಿಯರು ಗೊಣಗುತ್ತಾರೆ. ಮರಿಗೆ ಒಂದೆರಡು ಏಟುಗಳೂ ಬೀಳುತ್ತವೆ. ಏಟು ತಿಂದ ಮರಿಯು ಮಂಚದ ಕೆಳಗೆ ನುಸುಳಿ, ಅಲ್ಲಿ ಬಿದ್ದಿದ್ದ ಕಾಲುಚೀಲವನ್ನು ಅಗಿಯಲಾರಂಭಿಸುತ್ತದೆ.

ಇದನ್ನು ತುಂಟತನವೆಂದು ಕರೆಯುವುದು ರೂಢಿ. ಆದರೆ ತುಂಟತನಕ್ಕೆ ‘ಇದು ಮಾಡಬಾರದ ಕೆಲಸ’ ಎಂಬ ಅರಿವು ಮೊದಲು ಬೇಕು. ಎರಡು ತಿಂಗಳ ಮರಿಗೆ ಆ ಅರಿವು ಎಲ್ಲಿಂದ ಬರಬೇಕು? ಅದರ ಪಾಲಿಗೆ ಮನೆಯಲ್ಲಿರುವುದು ಎರಡೇ ಬಗೆಯ ವಸ್ತುಗಳು: ಬಾಯಿಗೆ ಎಟುಕುವವು ಮತ್ತು ಎಟುಕದಿರುವವು.

ಮನುಷ್ಯನ ಕೂಸೂ ಮೊದಮೊದಲು ಹೀಗೆಯೇ. ಕೈಗೆ ಕೊಟ್ಟ ಗಿಲಕಿಯನ್ನು ಅದು ನೋಡುವುದಕ್ಕಿಂತ ಹೆಚ್ಚಾಗಿ ಚೀಪುತ್ತದೆ. ಕ್ರಮೇಣ ಬೆರಳುಗಳು ಪಳಗಿ, ವಸ್ತುಗಳನ್ನು ಮುಟ್ಟಿ, ತಿರುಗಿಸಿ, ಒತ್ತಿ ನೋಡುವುದನ್ನು ಕಲಿತ ಮೇಲೆ ಬಾಯಿಗೆ ಆ ಕೆಲಸದಿಂದ ಬಿಡುಗಡೆ ದೊರೆಯುತ್ತದೆ. ನಾಯಿಗೆ ಅಂಥ ಬೆರಳುಗಳಿಲ್ಲ. ವಸ್ತುವೊಂದು ಮೆತ್ತಗಿದೆಯೋ ಗಟ್ಟಿಯಾಗಿದೆಯೋ, ಹರಿಯುತ್ತದೆಯೋ ಮುರಿಯುತ್ತದೆಯೋ ಎಂಬುದನ್ನೆಲ್ಲ ಅದು ಮೂಗಿನಿಂದಲೂ ಬಾಯಿಯಿಂದಲೂ ತಿಳಿಯಬೇಕಾಗಿದೆ. ನಾಯಿಗೆ ಬಾಯಿಯೇ ಕೈ. ‘ಯಾವುದಕ್ಕೂ ಬಾಯಿ ಹಾಕಬೇಡ’ ಎಂದು ಮರಿಯಿಂದ ಬಯಸುವುದು, ‘ಏನನ್ನೂ ಮುಟ್ಟದೆ ಬೆಳೆ’ ಎಂದು ಮಗುವಿಗೆ ಹೇಳಿದಂತೆಯೇ ಸರಿ.

ಇದರ ಜೊತೆಗೆ ಹಲ್ಲಿನ ಬಾಧೆಯೂ ಸೇರುತ್ತದೆ. ನಾಯಿಮರಿಯು ಹುಟ್ಟುವಾಗ ಅದಕ್ಕೆ ಹಲ್ಲುಗಳಿರುವುದಿಲ್ಲ. ಸುಮಾರು ಮೂರನೆಯ ವಾರದಿಂದ ಸೂಜಿಯಂತೆ ಚೂಪಾದ ಹಾಲುಹಲ್ಲುಗಳು ಮೂಡತೊಡಗಿ, ಒಟ್ಟು ೨೮ ಆಗುತ್ತವೆ. ನಾಲ್ಕನೆಯ ತಿಂಗಳ ವೇಳೆಗೆ ಇವು ಉದುರಲು ಆರಂಭವಾಗಿ, ಆರೇಳು ತಿಂಗಳು ತುಂಬುವಷ್ಟರಲ್ಲಿ ೪೨ ಶಾಶ್ವತ ಹಲ್ಲುಗಳು ಬರುತ್ತವೆ. ಈ ನಡುವಣ ಕಾಲದಲ್ಲಿ ಒಸಡು ನೋಯುತ್ತದೆ. ಏನನ್ನಾದರೂ ಕಚ್ಚಿ ಹಿಡಿದರೆ ಹಿತವೆನಿಸುತ್ತದೆ. ಮರಿಯ ಹಲ್ಲು ಅದರ ಚರಿತ್ರೆಯನ್ನೂ ಹೇಳಬಲ್ಲುದೆಂಬುದನ್ನು ಇಲ್ಲಿಯೇ ಹೇಳಿಬಿಡಬಹುದು. ಜರ್ಮನಿಯ ಬಾನ್ ನಗರಕ್ಕೆ ಸೇರಿದ ಓಬರ್‌ಕಾಸೆಲ್ ಎಂಬಲ್ಲಿ ೧೯೧೪ರಲ್ಲಿ ಇಬ್ಬರು ಮನುಷ್ಯರ ಎಲುಬುಗಳೊಡನೆ ನಾಯಿಮರಿಯೊಂದರ ಎಲುಬುಗಳೂ ದೊರೆತವು. ಅವು ಸುಮಾರು ೧೪ ಸಾವಿರ ವರ್ಷಗಳಷ್ಟು ಹಳೆಯವು. ಸಾಯುವಾಗ ಆ ಮರಿಗೆ ಏಳು ತಿಂಗಳು ಕೂಡ ತುಂಬಿರಲಿಲ್ಲ. ಅದರ ಹಲ್ಲುಗಳ ಮೇಲಣ ಗುರುತುಗಳನ್ನು ಪರಿಶೀಲಿಸಿದ ವಿದ್ವಾಂಸರು, ಆ ಮರಿಯು ಕಠಿಣವಾದ ಕಾಯಿಲೆಯಿಂದ ಹಲವು ವಾರ ನರಳಿತ್ತೆಂದೂ, ಯಾರೋ ಕೈಯಾರೆ ಆರೈಕೆ ಮಾಡಿರದಿದ್ದರೆ ಅಷ್ಟು ದಿನ ಬದುಕುತ್ತಿರಲಿಲ್ಲವೆಂದೂ ೨೦೧೮ರಲ್ಲಿ ಅಭಿಪ್ರಾಯಪಟ್ಟರು. ಮನುಷ್ಯನು ನಾಯಿಮರಿಯ ಬಾಯಿಯ ಚಿಂತೆ ಮಾಡತೊಡಗಿ ಬಹುಕಾಲವಾಯಿತೆಂದು ಇದರಿಂದ ಊಹಿಸಬಹುದು.

ಚಪ್ಪಲಿಯ ಮೇಲೆ ಮರಿಗೆ ವಿಶೇಷವಾದ ಒಲವೇಕೆ? ಅದು ಹಲ್ಲಿಗೆ ತಕ್ಕಷ್ಟು ಗಟ್ಟಿ, ಒಸಡಿಗೆ ತಕ್ಕಷ್ಟು ಮೆದು. ಅದಕ್ಕಿಂತ ಮಿಗಿಲಾಗಿ, ಅದರಲ್ಲಿ ಮನೆಯವರ ಪಾದದ ವಾಸನೆಯಿದೆ. ಎಲ್ಲರೂ ಹೊರಗೆ ಹೋದಾಗ ಒಂಟಿಯಾದ ಮರಿಯು ಅವರ ಚಪ್ಪಲಿಯನ್ನೇ ಹುಡುಕಿ ಅಗಿಯುವುದರಲ್ಲಿ ದ್ವೇಷವೇನೂ ಇಲ್ಲ. ಕೆಲವರು ಹಳೆಯ ಚಪ್ಪಲಿಯೊಂದನ್ನು ಅದಕ್ಕೆಂದೇ ಬಿಟ್ಟುಕೊಟ್ಟು ಹೊಸತನ್ನು ಕಾಪಾಡಿಕೊಳ್ಳಬಹುದೆಂದು ಭಾವಿಸುತ್ತಾರೆ. ಹಳೆಯ ಚಪ್ಪಲಿಗೂ ಹೊಸ ಚಪ್ಪಲಿಗೂ ಇರುವ ವ್ಯತ್ಯಾಸ ಬೆಲೆಯಲ್ಲಿ. ಬೆಲೆಯು ನಾಯಿಗೆ ತಿಳಿಯದು.

ಅಗಿದು ಹಾಳುಮಾಡಿದರೆ ನಷ್ಟವಾಗುವುದು ಮನೆಯವರಿಗೆ. ಅಗಿದುದನ್ನು ನುಂಗಿದರೆ ನಷ್ಟವಾಗುವುದು ಮರಿಗೆ. ಕೆಲವು ವೇಳೆ ಅದರ ಪ್ರಾಣವೇ ಹೋಗುತ್ತದೆ. ಈ ಎರಡನ್ನೂ ಬೇರೆ ಬೇರೆಯಾಗಿ ಕಾಣುವುದು ಅಗತ್ಯ. ಮರಿಗಳು ಅಗಿದುದನ್ನೆಲ್ಲ ನುಂಗುವುದಿಲ್ಲ. ಯಾವಾಗ ನುಂಗುತ್ತವೆ, ಏಕೆ ನುಂಗುತ್ತವೆ ಎಂಬುದು ಒಂದು ಮನೆಯಲ್ಲಿ ನಡೆದ ಪ್ರಸಂಗದಿಂದ ಸ್ಪಷ್ಟವಾಗುತ್ತದೆ.

ಆ ಮನೆಗೆ ‘ಕೆಂಚ’ ಎಂಬ ಮೂರು ತಿಂಗಳ ನಾಡುನಾಯಿಯ ಮರಿ ಬಂದಿತ್ತು. ಒಂದು ಸಂಜೆ ಅಜ್ಜಿಯು ಬೆಣ್ಣೆ ಕಾಯಿಸಿ, ಪಾತ್ರೆಯನ್ನು ಇಳಿಸಿ, ಕೈಯಲ್ಲಿದ್ದ ಮಸಿಬಟ್ಟೆಯನ್ನು ನೆಲದ ಮೇಲಿಟ್ಟಳು. ಆ ಬಟ್ಟೆಗೆ ತುಪ್ಪ ಸೋಕಿತ್ತು. ಕೆಂಚ ಅದನ್ನು ಕಚ್ಚಿಕೊಂಡು ಹಿತ್ತಿಲಿಗೆ ಹೋಗಿ, ಮುಂಗಾಲುಗಳ ನಡುವೆ ಇಟ್ಟುಕೊಂಡು ನೆಕ್ಕುತ್ತ ಕುಳಿತಿತು.

“ಅಜ್ಜಿ, ಕೆಂಚ ಮಸಿಬಟ್ಟೆ ಎತ್ತಿಕೊಂಡು ಹೋಯಿತು!” ಎಂದು ಮೊಮ್ಮಗ ಕೂಗಿದ.

“ಹಿಡಿಯೋ ಮಗು, ಬಿಡಬೇಡ ಅದನ್ನ!” ಎಂದಳು ಅಜ್ಜಿ.

ಹುಡುಗ ಓಡಿದ. ಮರಿಯೂ ಓಡಿತು. ಅವನ ಹಿಂದೆ ತಂಗಿ, ತಂಗಿಯ ಹಿಂದೆ ಕೋಲು ಹಿಡಿದ ಅಜ್ಜಿ. ಬಾವಿಕಟ್ಟೆಯನ್ನು ಎರಡು ಸುತ್ತು ಹಾಕಿದ ಮೇಲೆ ಮರಿಯು ಗೋಡೆಯ ಮೂಲೆಯಲ್ಲಿ ಸಿಕ್ಕಿಬಿದ್ದಿತು. ಎಳೆದಾಟದಲ್ಲಿ ಬಟ್ಟೆ ಹರಿದು ಅರ್ಧ ಹುಡುಗನ ಕೈಗೆ ಬಂತು. ಉಳಿದರ್ಧಕ್ಕೆ ಅವನು ಮತ್ತೆ ಕೈಚಾಚಿದ. ಮರಿಯು ಕತ್ತನ್ನು ಮೇಲೆತ್ತಿತು, ಎರಡೇ ಗುಟುಕು. ಬಾಯಿಯಲ್ಲಿ ಏನೂ ಉಳಿಯಲಿಲ್ಲ.

ಆ ಬಟ್ಟೆಯನ್ನು ನುಂಗುವ ಉದ್ದೇಶ ಮರಿಗೆ ಮೊದಲು ಇದ್ದಂತೆ ತೋರುವುದಿಲ್ಲ. ಅದಕ್ಕೆ ಬೇಕಾಗಿದ್ದುದು ತುಪ್ಪ. ಅದನ್ನು ನುಂಗಿಸಿದ್ದು ಹುಡುಗನ ಚಾಚಿದ ಕೈ. ನಾಯಿಯ ವಂಶವು ನಿಧಾನವಾಗಿ ಅಗಿದು ಉಣ್ಣುವ ವಂಶವಲ್ಲ. ಹರಿದು ನುಂಗುವ ವಂಶ. ಒಂದೇ ತಟ್ಟೆಯ ಸುತ್ತ ಆರು ಮರಿಗಳು ನಿಂತಾಗ, ಮೊದಲು ನುಂಗಿದುದಕ್ಕೆ ಊಟ ದಕ್ಕುತ್ತದೆ, ಎಣಿಸುತ್ತ ನಿಂತುದಕ್ಕೆ ಉಪವಾಸ. ಬೀದಿಯ ತಿಪ್ಪೆಯ ಮೇಲೂ ಇದೇ ನ್ಯಾಯ. ಬಾಯಿಯಲ್ಲಿರುವುದನ್ನು ಕಿತ್ತುಕೊಳ್ಳಲು ಯಾರೋ ಬರುತ್ತಿದ್ದಾರೆಂದಾದರೆ, ಅದನ್ನು ಉಳಿಸಿಕೊಳ್ಳಲು ಅತ್ಯಂತ ಭದ್ರವಾದ ಸ್ಥಳವೆಂದರೆ ಹೊಟ್ಟೆ. ಮರಿಯು ಹಾಗೆ ಯೋಚಿಸುತ್ತದೆಂದಲ್ಲ; ಅದರ ಗಂಟಲು ಹಾಗೆ ನಡೆದುಕೊಳ್ಳುತ್ತದೆ.

ಹೊಟ್ಟೆಗೆ ಹೋದ ಮೇಲೆ ಏನಾಗುತ್ತದೆ? ನಾಯಿಯ ಜಠರರಸವು ಬಲು ತೀಕ್ಷ್ಣವಾದುದು. ಎಲುಬಿನ ತುಂಡನ್ನೂ ಕರಗಿಸಬಲ್ಲುದು. ಆದರೆ ಹತ್ತಿಯ ಬಟ್ಟೆ, ರಬ್ಬರು, ಪ್ಲಾಸ್ಟಿಕ್ಕು, ಮಾವಿನ ಓಟೆ, ಮುಸುಕಿನ ಜೋಳದ ದಿಂಡು ಮೊದಲಾದವುಗಳ ಮುಂದೆ ಅದರ ಆಟ ನಡೆಯದು. ಜಠರದಿಂದ ಸಣ್ಣ ಕರುಳಿಗೆ ಹೋಗುವ ದ್ವಾರವು ಕಿರಿದು. ಚಿಕ್ಕ ವಸ್ತುವಾದರೆ ದಾಟಿಹೋಗಿ, ಒಂದೆರಡು ದಿನಗಳಲ್ಲಿ ಮಲದೊಡನೆ ಹೊರಬೀಳಬಹುದು. ಅನೇಕ ಮರಿಗಳು ಹೀಗೆ ಅದೃಷ್ಟದಿಂದ ಪಾರಾಗುತ್ತವೆ; ಅದರಿಂದಲೇ ‘ನಾಯಿಗೆ ಏನು ತಿಂದರೂ ಅರಗುತ್ತದೆ’ ಎಂಬ ತಪ್ಪು ನಂಬಿಕೆ ಬೆಳೆದಿದೆ. ದೊಡ್ಡ ವಸ್ತುವಾದರೆ ದ್ವಾರವನ್ನು ದಾಟಲಾರದೆ ಜಠರದಲ್ಲಿಯೇ ವಾರಗಟ್ಟಲೆ ಬಿದ್ದಿರಬಹುದು. ಇವೆರಡರ ನಡುವಣ ಗಾತ್ರದ್ದೇ ಅಪಾಯಕಾರಿ. ಅದು ದ್ವಾರವನ್ನು ದಾಟುತ್ತದೆ, ಆದರೆ ಕರುಳಿನಲ್ಲಿ ಸಿಕ್ಕಿಕೊಳ್ಳುತ್ತದೆ. ಆಗ ಅದರ ಹಿಂದೆ ನೀರೂ ಗಾಳಿಯೂ ತುಂಬಿ ಕರುಳು ಉಬ್ಬುತ್ತದೆ. ಕುಡಿದ ನೀರು ಕೂಡ ವಾಂತಿಯಾಗುತ್ತದೆ. ಒತ್ತಡಕ್ಕೆ ಸಿಕ್ಕಿದ ಕರುಳಿನ ಗೋಡೆಗೆ ರಕ್ತ ಹರಿಯುವುದು ನಿಂತು, ಆ ಭಾಗ ಸತ್ತು, ತೂತು ಬೀಳುತ್ತದೆ. ಕರುಳೊಳಗಿನ ಕಲ್ಮಷವು ಹೊಟ್ಟೆಯ ಬಯಲಿಗೆ ಸೋರಿದರೆ ಮರಿಯು ಉಳಿಯುವುದು ಕಷ್ಟ.

ದಾರದಂತೆ ಉದ್ದವಾದ ವಸ್ತುಗಳ ಹಾನಿಯ ಬಗೆಯೇ ಬೇರೆ. ಹೊಲಿಗೆಯ ದಾರ, ಹೂ ಕಟ್ಟುವ ನೂಲು, ಲಾಡಿ, ಹರಿದ ಬಟ್ಟೆಯ ಪಟ್ಟಿ ಇವು ನೋಡಲು ನಿರುಪದ್ರವಿಗಳು. ಆದರೆ ಇವುಗಳ ಒಂದು ತುದಿ ನಾಲಗೆಯ ಬುಡದಲ್ಲಿಯೋ ಜಠರದ ದ್ವಾರದಲ್ಲಿಯೋ ಸಿಕ್ಕಿಕೊಂಡು, ಇನ್ನೊಂದು ತುದಿ ಕರುಳಿನೊಳಗೆ ಹೋಯಿತೆನ್ನಿ. ಕರುಳು ತನ್ನ ಸಹಜವಾದ ಚಲನೆಯಿಂದ ಅದನ್ನು ಮುಂದಕ್ಕೆ ತಳ್ಳಲು ಯತ್ನಿಸುತ್ತದೆ. ದಾರ ಚಲಿಸದು, ಆದ್ದರಿಂದ ಕರುಳೇ ದಾರದ ಮೇಲೆ ಏರಿಬರುತ್ತದೆ. ಪಾಯಿಜಾಮದ ಲಾಡಿಯನ್ನು ಎಳೆದಾಗ ಬಟ್ಟೆಯು ನೆರಿಗೆ ನೆರಿಗೆಯಾಗಿ ಒಂದೆಡೆ ಗುಂಪುಗೂಡುವುದನ್ನು ಎಲ್ಲರೂ ಬಲ್ಲರು. ಕರುಳಿಗೆ ಒದಗುವ ಸ್ಥಿತಿಯೂ ಅದೇ. ಬಿಗಿದು ನಿಂತ ದಾರವು ಪ್ರತಿಯೊಂದು ನೆರಿಗೆಯ ಒಳಮಗ್ಗುಲನ್ನೂ ಗರಗಸದಂತೆ ಕೊಯ್ಯುತ್ತದೆ. ಮರಿಯ ಬಾಯಿಯಿಂದಾಗಲಿ ಗುದದಿಂದಾಗಲಿ ದಾರದ ತುದಿ ಕಾಣಿಸಿದರೆ ಅದನ್ನು ಎಳೆಯಬಾರದೆಂದು ಪಶುವೈದ್ಯರು ಒತ್ತಿ ಹೇಳುವುದು ಇದರಿಂದಲೇ.

ಕೆಂಚ ಅಂದು ರಾತ್ರಿ ಎಂದಿನಂತೆ ಅನ್ನ ತಿಂದಿತು. ಮನೆಯವರಿಗೆ ಸಮಾಧಾನವಾಯಿತು. ಮರುದಿನ ಮಧ್ಯಾಹ್ನ ಒಮ್ಮೆ ವಾಂತಿಯಾಯಿತು. ಸಂಜೆ ಕುಡಿದ ನೀರೂ ಹೊರಬಂತು. ಮೂರನೆಯ ದಿನ ಬೆಳಗ್ಗೆ ಹುಡುಗ ಒಂದು ವಿಚಿತ್ರವನ್ನು ಗಮನಿಸಿದ. ಮರಿಯು ಮುಂಗಾಲುಗಳನ್ನು ನೆಲಕ್ಕೆ ಚಾಚಿ, ಎದೆಯನ್ನು ತಗ್ಗಿಸಿ, ಹಿಂಭಾಗವನ್ನು ಮಾತ್ರ ಮೇಲೆತ್ತಿಕೊಂಡು ನಿಂತಿತ್ತು. ಆಟಕ್ಕೆ ಕರೆಯುವಾಗಲೂ ನಾಯಿಗಳು ಹೀಗೆ ಬಾಗುವುದುಂಟು. ಆದರೆ ಆಗ ಬಾಲ ಅಲ್ಲಾಡುತ್ತದೆ, ಕಣ್ಣು ಹೊಳೆಯುತ್ತದೆ. ಕೆಂಚನ ಬಾಲ ಅಲ್ಲಾಡುತ್ತಿರಲಿಲ್ಲ. ಅದು ಹೊಟ್ಟೆನೋವಿನ ಲಕ್ಷಣ. ಮತ್ತೆ ಮತ್ತೆ ವಾಂತಿ, ಊಟದಲ್ಲಿ ನಿರಾಸಕ್ತಿ, ಜೊಲ್ಲು ಸುರಿಯುವುದು, ಹೊಟ್ಟೆ ಮುಟ್ಟಿದರೆ ಗುರುಗುಟ್ಟುವುದು, ಮುಕ್ಕಿದರೂ ಮಲ ಬಾರದಿರುವುದು, ಮಂಕಾಗಿ ಮೂಲೆ ಹಿಡಿಯುವುದು, ಇವೂ ಅದೇ ಸಾಲಿಗೆ ಸೇರಿದವು.

ನೆರೆಹೊರೆಯವರು ಸಲಹೆಗಳನ್ನು ಕೊಟ್ಟರು. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಿರೆಂದು ಒಬ್ಬರು, ಹರಳೆಣ್ಣೆ ಹಾಕಿರೆಂದು ಇನ್ನೊಬ್ಬರು. ಇವೆರಡೂ ಕೇಡಿನ ದಾರಿಗಳು. ಹೆಚ್ಚು ಉಪ್ಪು ಒಳಸೇರಿದರೆ ಚಿಕ್ಕ ಮರಿಗೆ ಅದೇ ವಿಷವಾಗುತ್ತದೆ. ಚೂಪಾದ ವಸ್ತುವನ್ನು ವಾಂತಿ ಮಾಡಿಸಿದರೆ ಇಳಿಯುವಾಗ ಕೊಯ್ಯದಿದ್ದುದು ಏರುವಾಗ ಕೊಯ್ದೀತು. ಕರುಳು ಕಟ್ಟಿರುವಾಗ ಭೇದಿಯ ಔಷಧವು ಒತ್ತಡವನ್ನು ಹೆಚ್ಚಿಸುತ್ತದೆಯೇ ಹೊರತು ದಾರಿ ತೆರೆಯದು. ನುಣುಪಾದ ವಸ್ತುವನ್ನು ನುಂಗಿದ ಒಂದೆರಡು ಗಂಟೆಗಳೊಳಗೆ ಕರೆದೊಯ್ದರೆ, ವೈದ್ಯರು ಸೂಜಿಮದ್ದಿನಿಂದ ವಾಂತಿ ಮಾಡಿಸಿ ತೆಗೆಯುವುದುಂಟು. ಆ ತೀರ್ಮಾನ ಅವರದಾಗಿರಬೇಕು.

ಹುಡುಗನ ತಂದೆ ಮರಿಯನ್ನು ಪಶು ಆಸ್ಪತ್ರೆಗೆ ಕರೆದೊಯ್ದ. “ಎರಡು ದಿನದಿಂದ ವಾಂತಿ ಡಾಕ್ಟರೇ, ಹಳಸಿದ್ದೇನೋ ತಿಂದಿರಬೇಕು” ಎಂದ. ಜೊತೆಗಿದ್ದ ಹುಡುಗ ತಲೆತಗ್ಗಿಸಿ ನಿಂತಿದ್ದ. ಓಡಿಸಿದ್ದು ತಾನೆಂಬ ಅಳುಕು ಅವನಿಗೆ. ಸ್ವಲ್ಪ ಹೊತ್ತಿನ ಮೇಲೆ, “ಮೊನ್ನೆ ಸಂಜೆ ಮಸಿಬಟ್ಟೆ ನುಂಗಿಬಿಟ್ಟಿತು ಸಾರ್. ಉಳಿದ ತುಂಡು ತಂದಿದ್ದೇನೆ” ಎಂದು ಚೀಲದಿಂದ ತೆಗೆದು ತೋರಿಸಿದ.

ಆ ತುಂಡು ಬಹಳ ಬೆಲೆಯುಳ್ಳದ್ದಾಗಿತ್ತು. ಕ್ಷ-ಕಿರಣದ ಚಿತ್ರದಲ್ಲಿ ಲೋಹ, ಕಲ್ಲು, ಎಲುಬುಗಳು ಸ್ಪಷ್ಟವಾಗಿ ಕಾಣುತ್ತವೆ. ಬಟ್ಟೆ, ಪ್ಲಾಸ್ಟಿಕ್ಕುಗಳು ಸಾಮಾನ್ಯವಾಗಿ ನೇರವಾಗಿ ಕಾಣುವುದಿಲ್ಲ. ಉಬ್ಬಿದ ಕರುಳು, ಒತ್ತಾದ ನೆರಿಗೆ, ಗಾಳಿಯ ಗುಳ್ಳೆಗಳು ಇವುಗಳಿಂದ ವೈದ್ಯರು ಊಹಿಸಬೇಕಾಗುತ್ತದೆ. ಅಲ್ಟ್ರಾಸೌಂಡ್ ಪರೀಕ್ಷೆಯು ಆ ಊಹೆಗೆ ನೆರವಾಗುತ್ತದೆ. ಏನು ನುಂಗಿತು, ಎಷ್ಟು ದೊಡ್ಡದು, ಎಷ್ಟು ಹೊತ್ತಾಯಿತು ಎಂಬ ಮೂರು ಮಾತುಗಳನ್ನು ಮನೆಯವರು ನಿಜವಾಗಿ ಹೇಳಿದರೆ ಊಹೆಯ ಕಾಲ ಉಳಿಯುತ್ತದೆ. ಕೆಂಚನಿಗೆ ಶಸ್ತ್ರಕ್ರಿಯೆಯಾಯಿತು. ಕರುಳನ್ನು ಕೊಯ್ದು ಬಟ್ಟೆಯ ಪಟ್ಟಿಯನ್ನು ತೆಗೆದರು. ಕರುಳು ಇನ್ನೂ ಸತ್ತಿರಲಿಲ್ಲ, ಮರಿ ಉಳಿಯಿತು. ಒಂದು ದಿನ ತಡವಾಗಿದ್ದರೆ ಈ ಮಾತನ್ನು ಬರೆಯುವಂತಿರಲಿಲ್ಲವೇನೋ. ಕರ್ನಾಟಕದಲ್ಲಿ ಬೆಂಗಳೂರಿನ ಹೆಬ್ಬಾಳ, ಬೀದರ್, ಶಿವಮೊಗ್ಗ, ಹಾಸನ ಮೊದಲಾದ ಕಡೆಗಳಲ್ಲಿ ಪಶುವೈದ್ಯಕೀಯ ಕಾಲೇಜುಗಳಿವೆ. ಹತ್ತಿರದ ಪಶು ಆಸ್ಪತ್ರೆಯಲ್ಲಿ ಶಸ್ತ್ರಕ್ರಿಯೆಗೆ ಸೌಕರ್ಯವಿಲ್ಲದಿದ್ದರೆ, ಎಲ್ಲಿಗೆ ಒಯ್ಯಬೇಕೆಂಬುದನ್ನು ಅಲ್ಲಿಯ ವೈದ್ಯರನ್ನೇ ಕೇಳಿ ತಿಳಿಯುವುದು ಲೇಸು.

ಕೆಲವು ವಸ್ತುಗಳ ವಿಷಯದಲ್ಲಿ ಲಕ್ಷಣಗಳಿಗಾಗಿ ಕಾಯಲೇಬಾರದು. ಆಟಿಕೆ, ಗಡಿಯಾರಗಳಲ್ಲಿ ಹಾಕುವ ಗುಂಡಿಯಂಥ ಬ್ಯಾಟರಿಯು ಕೆಲವೇ ಗಂಟೆಗಳಲ್ಲಿ ಅನ್ನನಾಳವನ್ನು ಸುಡಬಲ್ಲುದು. ಇಲಿವಿಷಗಳಲ್ಲಿ ಕೆಲವು ಎರಡು ಮೂರು ದಿನ ಏನೂ ಆಗದಂತೆ ತೋರಿಸಿ, ಅನಂತರ ಒಳಗೊಳಗೇ ರಕ್ತಸ್ರಾವವನ್ನು ಉಂಟುಮಾಡುತ್ತವೆ. ಬಟ್ಟೆಯ ಪೆಟ್ಟಿಗೆಯಲ್ಲಿಡುವ ನುಸಿಗುಳಿಗೆಯೂ ವಿಷವೇ.

ಇನ್ನು ತಡೆಯುವ ಉಪಾಯ. ಮೊದಲನೆಯದು ಮರಿಗೆ ಕಲಿಸುವ ಪಾಠವಲ್ಲ, ಮನೆಯವರು ಕಲಿಯಬೇಕಾದ ಪಾಠ. ನಮ್ಮ ನಾಡಿನ ಮನೆಗಳಲ್ಲಿ ಅರ್ಧ ಬದುಕು ನೆಲದ ಮೇಲೆ ನಡೆಯುತ್ತದೆ. ಹೂ ಕಟ್ಟುವುದು ನೆಲದ ಮೇಲೆ, ತರಕಾರಿ ಹೆಚ್ಚುವುದು ನೆಲದ ಮೇಲೆ, ಹೊಲಿಗೆ, ಓದು, ಊಟ ಎಲ್ಲವೂ ಅಲ್ಲಿಯೇ. ಮರಿಯ ಬಾಯಿಯೂ ಇರುವುದು ಅದೇ ಎತ್ತರದಲ್ಲಿ. ಒಮ್ಮೆ ಮಂಡಿಯೂರಿ ಮನೆಯನ್ನೆಲ್ಲ ಸುತ್ತಿದರೆ, ನಿಂತವರ ಕಣ್ಣಿಗೆ ಬೀಳದ ಎಷ್ಟೋ ವಸ್ತುಗಳು ಕಾಣಿಸುತ್ತವೆ: ದೇವರ ಮನೆಯ ಮೂಲೆಯಲ್ಲಿ ತುಪ್ಪದಲ್ಲಿ ನೆನೆದ ಬತ್ತಿ, ಬಾಗಿಲ ಸಂದಿಯಲ್ಲಿ ಗುಂಡುಸೂಜಿ, ಒಡೆದ ಗಾಜಿನ ಬಳೆ, ಹಾಲಿನ ಪ್ಯಾಕೆಟ್ಟಿನ ಕತ್ತರಿಸಿದ ಮೂಲೆ. ಕಸದ ಬುಟ್ಟಿಗೆ ಮುಚ್ಚಳ, ಚಪ್ಪಲಿಗೆ ಎತ್ತರದ ಗೂಡು, ಯಾರೂ ನೋಡಿಕೊಳ್ಳಲಾಗದ ಹೊತ್ತಿನಲ್ಲಿ ಮರಿಗೆ ಒಂದು ಬರಿದಾದ ಕೋಣೆ, ಇಷ್ಟಾದರೆ ಅಪಾಯ ಬಹುಪಾಲು ತಗ್ಗುತ್ತದೆ. ಹಗಲೆಲ್ಲ ಸರಪಳಿಯಲ್ಲಿ ಕಟ್ಟಿಹಾಕುವುದು ಇದಕ್ಕೆ ಬದಲಾಗದು. ಬೇಸರಗೊಂಡ ಮರಿಯು ಸರಪಳಿಯ ಅಳತೆಯೊಳಗೆ ಸಿಕ್ಕಿದ್ದನ್ನೆಲ್ಲ ತಿನ್ನುತ್ತದೆ.

ಕಚ್ಚುವ ಆಸೆಗೆ ನ್ಯಾಯವಾದ ದಾರಿಯನ್ನೂ ಒದಗಿಸಬೇಕು. ಒಡೆಯದ ಗಟ್ಟಿ ರಬ್ಬರಿನ ಆಟಿಕೆ ಇದಕ್ಕೆ ತಕ್ಕುದು. ಅದು ಮರಿಯ ದವಡೆಯ ಹಿಂದಕ್ಕೆ ಜಾರದಷ್ಟು ದೊಡ್ಡದಾಗಿರಬೇಕು. ಹೆಬ್ಬೆರಳಿನ ಉಗುರಿನಿಂದ ಒತ್ತಿದರೆ ತುಸುವಾದರೂ ಬಗ್ಗುವಂತಿರಬೇಕು, ಇಲ್ಲವಾದರೆ ಹಲ್ಲು ಮುರಿದೀತು. ವಸ್ತುಗಳಿಗೆ ಬೇವಿನ ರಸ ಬಳಿಯುವವರಿದ್ದಾರೆ. ಕೆಲವು ಮರಿಗಳು ಅದಕ್ಕೆ ಹಿಮ್ಮೆಟ್ಟುತ್ತವೆ, ಕೆಲವು ಬೇವನ್ನೂ ಸವಿಯುತ್ತವೆ. ಮೆಣಸಿನಪುಡಿ ಬಳಿಯುವುದಂತೂ ಕ್ರೌರ್ಯ. ಅದು ಮರಿಯ ಕಣ್ಣಿಗೂ ಮೂಗಿಗೂ ತಗಲುತ್ತದೆ.

ಮರಿಗೆ ಕಲಿಸಬೇಕಾದ ಪಾಠವೆಂದರೆ ವಿನಿಮಯ. ಬಾಯಿಯಲ್ಲಿರುವುದನ್ನು ಬಿಟ್ಟುಕೊಟ್ಟರೆ ನಷ್ಟವಿಲ್ಲ, ಲಾಭವೇ ಉಂಟು ಎಂಬ ನಂಬಿಕೆ ಅದರಲ್ಲಿ ಬೇರೂರಬೇಕು. ಆಸ್ಪತ್ರೆಯಿಂದ ಮರಳಿದ ಕೆಂಚನಿಗೆ ಗಾಯ ಮಾಗಿದ ಮೇಲೆ ಆ ಹುಡುಗ ಇದನ್ನು ಕಲಿಸಿದ ಕ್ರಮ ಹೀಗಿತ್ತು. ಮೊದಲು ಅವನು ಮುಚ್ಚಿದ ಮುಷ್ಟಿಯಲ್ಲಿ ಚಪಾತಿಯ ತುಣುಕೊಂದನ್ನು ಇಟ್ಟುಕೊಂಡು ಮರಿಯ ಮೂಗಿನ ಮುಂದೆ ಹಿಡಿದ. ಮರಿಯು ನೆಕ್ಕಿತು, ಕೆರೆಯಿತು, ಕುಂಯ್‌ಗುಟ್ಟಿತು. ಅವನು ಗದರಲಿಲ್ಲ, ಮುಷ್ಟಿ ಬಿಚ್ಚಲೂ ಇಲ್ಲ. ಬೇಸತ್ತ ಮರಿಯು ಮೂಗನ್ನು ಹಿಂದಕ್ಕೆಳೆದುಕೊಂಡ ಆ ಕ್ಷಣದಲ್ಲಿ ಇನ್ನೊಂದು ಕೈಯಿಂದ ಕೋಳಿಮೊಟ್ಟೆಯ ಚೂರೊಂದನ್ನು ಕೊಟ್ಟ. ಕೆಲವು ದಿನಗಳಲ್ಲಿ, ಮುಷ್ಟಿ ಕಂಡೊಡನೆ ಹಿಂದೆ ಸರಿದು ಕುಳಿತುಕೊಳ್ಳುವುದನ್ನು ಮರಿ ಕಲಿತಿತು. ಆಗ ಆ ಕ್ರಿಯೆಗೆ ‘ಬಿಡು’ ಎಂಬ ಮಾತನ್ನು ಜೋಡಿಸಿದ. ಮಾತು ಮೊದಲಲ್ಲ, ಕ್ರಿಯೆ ಮೊದಲು. ಇದನ್ನು ತಲೆಕೆಳಗು ಮಾಡುವವರೇ ಹೆಚ್ಚು.

ಅನಂತರದ ಪಾಠ ‘ಕೊಡು’. ಮರಿಯು ಆಟಿಕೆಯನ್ನು ಕಚ್ಚಿಕೊಂಡಿರುವಾಗ ಅದಕ್ಕಿಂತ ರುಚಿಯಾದುದನ್ನು ಮೂಗಿನ ಬಳಿ ಹಿಡಿದರೆ, ಬಾಯಿ ತಾನಾಗಿ ತೆರೆಯುತ್ತದೆ. ಆಗ ಆಟಿಕೆಯನ್ನು ತೆಗೆದುಕೊಂಡು, ತಿನಿಸನ್ನು ಕೊಟ್ಟು, ಮತ್ತೆ ಆಟಿಕೆಯನ್ನೂ ಹಿಂತಿರುಗಿಸಬೇಕು. ಹಿಂತಿರುಗಿಸುವುದು ಈ ಪಾಠದ ಜೀವಾಳ. ಕೊಟ್ಟದ್ದು ಹೋಗಲ್ಲಿಲ್ಲ, ಮೇಲೆ ಮೊಟ್ಟೆಯೂ ಬಂತು ಎಂದಾದಾಗ ಮರಿಯು ಮನುಷ್ಯನ ಕೈಯನ್ನು ಕಳ್ಳನ ಕೈಯೆಂದು ಬಗೆಯುವುದಿಲ್ಲ. ದಿನಕ್ಕೆ ಮೂರು ನಾಲ್ಕು ಬಾರಿ, ಪ್ರತಿಸಲ ಐದು ನಿಮಿಷ ಸಾಕು. ಮನೆಯವರೆಲ್ಲರೂ ಒಂದೇ ಮಾತನ್ನು ಬಳಸಬೇಕು. ಅಪ್ಪ ‘ಬಿಡು’ ಎಂದು, ಅಮ್ಮ ‘ಛೀ’ ಎಂದು, ಮಗ ‘ಡ್ರಾಪ್’ ಎಂದು ಕೂಗಿದರೆ, ಪಾಪ, ಮರಿಯು ಭಾಷಾಪಂಡಿತನಾಗಬೇಕಾಗುತ್ತದೆ. ಪಾಠ ಮುಗಿಯುವ ಮೊದಲೇ ಮರಿಯು ಅಪಾಯದ ವಸ್ತುವನ್ನು ಕಚ್ಚಿಕೊಂಡರೆ, ಓಡಿಸದೆ, ಕೂಗದೆ, ಒಂದು ಹಿಡಿ ತಿನಿಸನ್ನು ಸ್ವಲ್ಪ ದೂರದಲ್ಲಿ ನೆಲದ ಮೇಲೆ ಚೆಲ್ಲಬೇಕು. ಎರಡನ್ನೂ ಒಟ್ಟಿಗೆ ಹಿಡಿಯಲು ಬಾಯಿ ಒಂದೇ.

ಇದರ ಹಿಂದಿರುವ ತತ್ತ್ವ ಹಳೆಯದು. ಅಮೆರಿಕದ ಮನೋವಿಜ್ಞಾನಿ ಎಡ್ವರ್ಡ್ ಥಾರ್ನ್‌ಡೈಕನು ಬೆಕ್ಕು, ನಾಯಿ, ಕೋಳಿಮರಿಗಳ ಮೇಲೆ ಪ್ರಯೋಗ ನಡೆಸಿ ೧೮೯೮ರಲ್ಲಿ ಅವುಗಳ ಫಲವನ್ನು ಪ್ರಕಟಿಸಿದ. ಯಾವ ಕ್ರಿಯೆಯಿಂದ ತೃಪ್ತಿ ದೊರೆಯುವುದೋ ಆ ಕ್ರಿಯೆಯನ್ನು ಪ್ರಾಣಿಯು ಮತ್ತೆ ಮತ್ತೆ ಮಾಡುತ್ತದೆ ಎಂಬುದು ಅವನು ಕಂಡ ನಿಯಮ. ಕೆಂಚನ ಹಿಂದೆ ಮೂವರು ಬಾವಿಕಟ್ಟೆ ಸುತ್ತಿದ್ದನ್ನು ಈ ನಿಯಮಕ್ಕೆ ಹಿಡಿದು ನೋಡಬಹುದು. ಸಂಜೆಯೆಲ್ಲ ಯಾರೂ ಮಾತನಾಡಿಸದಿದ್ದ ಮರಿಗೆ, ಬಟ್ಟೆಯೊಂದನ್ನು ಕಚ್ಚಿದೊಡನೆ ಮನೆಯ ಮಂದಿಯೆಲ್ಲ ಆಟಕ್ಕೆ ಬಂದಂತಾಯಿತು!

“ಆದರೂ ಅದಕ್ಕೆ ತಪ್ಪು ಗೊತ್ತಾಗುತ್ತದೆ, ಬೈದರೆ ಹೇಗೆ ಮುಖ ಮಾಡುತ್ತದೆ ನೋಡಿ” ಎಂದು ವಾದಿಸುವವರುಂಟು. ಅಮೆರಿಕದ ಅಲೆಕ್ಸಾಂಡ್ರಾ ಹೊರೊವಿಟ್ಜ್ ಎಂಬ ವಿದುಷಿ ಇದನ್ನೇ ೧೪ ನಾಯಿಗಳಲ್ಲಿ ಪರೀಕ್ಷಿಸಿ ೨೦೦೯ರಲ್ಲಿ ಪ್ರಕಟಿಸಿದರು. ಮುಟ್ಟಬೇಡವೆಂದ ತಿನಿಸನ್ನು ತಿಂದ ನಾಯಿಯೂ ತಿನ್ನದ ನಾಯಿಯೂ, ಯಜಮಾನ ಗದರಿದಾಗ ಒಂದೇ ಬಗೆಯ ‘ಅಪರಾಧಿ’ ಮುಖ ಮಾಡಿದವು. ಗದರದಿದ್ದಾಗ ತಿಂದ ನಾಯಿಯಲ್ಲೂ ಆ ಮುಖ ಅಷ್ಟಾಗಿ ಕಾಣಲಿಲ್ಲ. ಆ ಮುಖ ತಪ್ಪಿನ ಅರಿವಲ್ಲ, ಗದರಿಕೆಯ ಅಂಜಿಕೆ. ಗಂಟೆ ಕಳೆದ ಮೇಲೆ ಹೊಡೆಯುವುದರಿಂದ ಮರಿಯು ಕಲಿಯುವುದು ಒಂದನ್ನೇ: ಬಾಯಿಯಲ್ಲಿ ಏನಾದರೂ ಇರುವಾಗ ಮನುಷ್ಯರ ಕಣ್ಣಿಗೆ ಬೀಳಬಾರದು.

ಇಷ್ಟೆಲ್ಲ ಮಾಡಿದರೂ ಕೆಲವು ಮರಿಗಳು ಮಣ್ಣು, ಸುಣ್ಣ, ಇದ್ದಿಲು, ಬಟ್ಟೆಗಳನ್ನು ಹುಡುಕಿ ಹುಡುಕಿ ತಿನ್ನುತ್ತವೆ. ಆಗ ಪಾಠಕ್ಕಿಂತ ಮೊದಲು ಔಷಧದ ಯೋಚನೆ ಮಾಡಬೇಕು. ಶಾಲೆಯಲ್ಲಿ ಬಳಪ ತಿನ್ನುವ ಮಕ್ಕಳನ್ನು ಯಾರು ಕಂಡಿಲ್ಲ? ಅವರಲ್ಲಿ ಅನೇಕರಿಗೆ ರಕ್ತದಲ್ಲಿ ಕಬ್ಬಿಣದ ಅಂಶ ಕಡಿಮೆಯಿರುವುದುಂಟು. ಮರಿಗಳಲ್ಲಿಯೂ ರಕ್ತಹೀನತೆ, ಅರೆಹೊಟ್ಟೆಯ ಊಟ, ಜೀರ್ಣಾಂಗಗಳ ರೋಗ ಇವು ಕಾರಣವಾಗಬಹುದು. ಎಲ್ಲಕ್ಕಿಂತ ಸಾಮಾನ್ಯವಾದುದು ಹುಳುಬಾಧೆ. ಜಂತುಹುಳುವಿನ ಮರಿಗಳು ತಾಯಿಯ ಗರ್ಭದಲ್ಲಿರುವಾಗಲೇ ನಾಯಿಮರಿಯ ದೇಹವನ್ನು ಸೇರಬಲ್ಲವು. ಕೊಕ್ಕೆಹುಳುಗಳು ತಾಯಿಯ ಹಾಲಿನ ಮೂಲಕ ಬಂದು ರಕ್ತ ಹೀರುತ್ತವೆ. ಆದ್ದರಿಂದಲೇ ಎರಡನೆಯ ವಾರದಿಂದ ಹುಳುವಿನ ಔಷಧವನ್ನು ವೈದ್ಯರು ಹೇಳಿದಂತೆ ಮತ್ತೆ ಮತ್ತೆ ಕೊಡಬೇಕಾಗುತ್ತದೆ.

ಒಕ್ಕಣೆಯ ಎತ್ತುಗಳಿಗೂ ಮಣ್ಣು ತಿನ್ನುವ ಕರುಗಳಿಗೂ ರೈತರು ಹಗ್ಗದ ಕುಕ್ಕೆ ಕಟ್ಟುವುದು ಹಳ್ಳಿಯ ಮಕ್ಕಳಿಗೆ ತಿಳಿದ ಸಂಗತಿ. ಬೀದಿಯಲ್ಲಿ ಕಂಡದ್ದನ್ನೆಲ್ಲ ನುಂಗುವ ಎಳೆಯ ನಾಯಿಗೂ ಈಗ ಅಂಥ ಬುಟ್ಟಿಯಾಕಾರದ ಬಾಯಿಕುಕ್ಕೆಗಳು ದೊರೆಯುತ್ತವೆ. ಅದನ್ನು ಹಾಕಿಕೊಂಡೇ ನಾಯಿಯು ನಾಲಗೆ ಚಾಚಿ ತೇಕುವಂತೆಯೂ ನೀರು ಕುಡಿಯುವಂತೆಯೂ ಇರಬೇಕು. ಬಾಯಿಯನ್ನು ಬಿಗಿದು ಕಟ್ಟುವ ಪಟ್ಟಿಯನ್ನು ಬಿಸಿಲ ನಾಡಿನಲ್ಲಿ ಬಳಸಬಾರದು. ನಾಯಿಯು ಮೈಯ ಬಿಸಿಯನ್ನು ಹೊರಹಾಕುವುದು ಮುಖ್ಯವಾಗಿ ತೇಕುವುದರಿಂದ.

ಕೆಂಚನಿಗೆ ಕುಕ್ಕೆಯ ಅಗತ್ಯ ಬೀಳಲಿಲ್ಲ. ಹತ್ತು ತಿಂಗಳು ತುಂಬುವ ಹೊತ್ತಿಗೆ ಅದಕ್ಕೆ ಹೊಸದೊಂದು ಅಭ್ಯಾಸ ಹತ್ತಿತ್ತು. ಬಿದ್ದಿರುವ ವಸ್ತು ಯಾವುದೇ ಆಗಲಿ, ಅದನ್ನು ಜೋಪಾನವಾಗಿ ಕಚ್ಚಿ ತಂದು ಹುಡುಗನ ಪಾದದ ಬಳಿ ಇಟ್ಟು, ಎದುರು ಕುಳಿತು ಅವನ ಕೈಯನ್ನೇ ನೋಡುತ್ತಿತ್ತು. ಒಂದು ಮುಂಜಾನೆ ಅಂಗಳದಲ್ಲಿದ್ದ ನಾಲ್ಕು ಜೊತೆ ಚಪ್ಪಲಿಗಳನ್ನೂ ಒಂದೊಂದಾಗಿ ಹೊತ್ತು ತಂದು ಸಾಲಾಗಿ ಇಟ್ಟಿತು. “ವ್ಯಾಪಾರ ಕಲಿತುಬಿಟ್ಟಿದೆ ಕಣೋ ನಿನ್ನ ನಾಯಿ” ಎಂದಳು ಅಜ್ಜಿ. ಹುಡುಗ ಎಣಿಸಿ ನೋಡಿದ. ಎಂಟಕ್ಕೂ ಬಾರುಗಳಿದ್ದವು.